ಕಿವಿ ಕಟ್ಟಿದ ದಿನಗಳು

ವಿಮಾನ ನೆಲ ಮುಟ್ಟಿ ಅರ್ಧ ಗಂಟೆಯಾಗಿತ್ತು. ಸಾಮಾನು ಬರುವುದನ್ನು ಕಾಯುತ್ತಾ ನಿಂತವರ ನಡುವೆ ನಾನು ಬಾಯಿ ಮುಚ್ಚಿಕೊಂಡು ಸಣ್ಣ ದನಿಯಲ್ಲಿ ‘ಮ್‌ಮ್‌ಮ್’ ಎಂದು ಎಳೆಯುತ್ತಿದ್ದೆ. ಪಕ್ಕದವರು ಒಮ್ಮೆ ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ. ಆ ಗುನುಗು ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆ ಎಂಬುದು ನನಗೆ ಆಗಲೇ, ಅಲ್ಲೇ ಗೊತ್ತಾಗಬೇಕಿತ್ತು. ಮೈಯಲ್ಲಿ ನೆಗಡಿಯಿತ್ತು. ವಿಮಾನ ಇಳಿಯತೊಡಗಿದಾಗ ಎಡಗಿವಿಯನ್ನು ಯಾರೋ ಒಳಗಿನಿಂದ ಹಿಡಿದೆಳೆದಂತೆ ನೋವು ಬಂದಿತ್ತು. ಆಮೇಲೆ ನೋವು ತಗ್ಗಿ, ಕಿವಿ ಪೂರ್ತಿ ಕಟ್ಟಿಹೋಗಿತ್ತು. ಸುತ್ತಲಿನ ಸದ್ದೆಲ್ಲ ಗೋಡೆಯಾಚೆಯಿಂದ ಬಂದಂತಿತ್ತು. ನನ್ನ ದನಿ ಮಾತ್ರ ತಲೆಬುರುಡೆಯೊಳಗೇ ಮೊಳಗುತ್ತಿತ್ತು.

ಗುನುಗು ಎಡಕ್ಕೇ ಹೋಯಿತು. ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿತು. ಅಷ್ಟಕ್ಕೇ ನನ್ನ ಎದೆಬಡಿತ ಒಂದು ಹದಕ್ಕೆ ಬಂತು.

ಈ ಗುನುಗನ್ನು ನನಗೆ ಕಲಿಸಿದ್ದು ನನ್ನ ಗೆಳತಿಗೆ ಆದ ನಷ್ಟ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅವಳು ಎದ್ದಾಗ ಎಡಗಿವಿ ಕಟ್ಟಿದಂತಿತ್ತು. ನೋವಿಲ್ಲ, ಜ್ವರವಿಲ್ಲ. ಕಿವಿಯಲ್ಲಿ ಏನೋ ತುಂಬಿದಂತೆ ಒಂದು ಒತ್ತಡ, ಜೊತೆಗೆ ಗುಂಯ್ ಎನ್ನುವ ಸದ್ದು. ಗುಗ್ಗೆ ಇರಬೇಕೆಂದುಕೊಂಡು ಹನಿ ಹಾಕಿಕೊಂಡಳು. ಶೀತ ಇರಬೇಕು ಎಂದವರಿದ್ದರು. ನನಗೂ ಫೋನ್ ಮಾಡಿದ್ದಳು. ‘ತಾನಾಗಿಯೇ ಬಿಡುತ್ತದೆ, ಸ್ವಲ್ಪ ದಿನ ನೋಡು’ ಎಂದಿದ್ದೆ. ಅವಳು ನೋಡಿದಳು. ಐದು ವಾರಗಳ ನಂತರ ಶ್ರವಣ ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಅವಳ ಕಿವಿಯಲ್ಲಿ ಏನೂ ಕಟ್ಟಿರಲಿಲ್ಲ ಎಂದು. ಹೋದದ್ದು ಒಳಕಿವಿಯ ಕೇಳುವ ಶಕ್ತಿಯೇ. ಇಂಥ ಹಠಾತ್ ಕಿವುಡಿಗೆ ಸ್ಟಿರಾಯ್ಡ್ ಔಷಧಿ ಇದೆ, ಆದರೆ ಅದನ್ನು ಮೊದಲ ಎರಡು ವಾರಗಳೊಳಗೆ, ಬೇಗನಾದಷ್ಟೂ ಬೇಗ ಕೊಡಬೇಕು. ಆ ಎರಡು ವಾರಗಳನ್ನು ನಾವೆಲ್ಲರೂ ಸೇರಿ ‘ಬಿಡುತ್ತದೆ’ ಎನ್ನುವುದರಲ್ಲಿ ಕಳೆದಿದ್ದೆವು.

ಅಂದಿನಿಂದ ‘ಕಿವಿ ಕಟ್ಟಿದೆ’ ಎಂಬ ಮಾತನ್ನು ನಾನು ಹಗುರವಾಗಿ ಕೇಳಿಸಿಕೊಂಡಿಲ್ಲ. ನೀರು ಹೊಕ್ಕರೂ ಅದೇ ಮಾತು, ನೆಗಡಿಗೂ ಅದೇ ಮಾತು, ವಿಮಾನದಲ್ಲೂ ಅದೇ ಮಾತು, ನರ ಸೋತರೂ ಅದೇ ಮಾತು. ಅನುಭವವೂ ಹೆಚ್ಚುಕಡಿಮೆ ಒಂದೇ. ಆದರೆ ಆ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಕೆಲವಕ್ಕೆ ಕಾಯುವುದೇ ಮದ್ದು, ಕೆಲವಕ್ಕೆ ಕಾಯುವುದೇ ಕೇಡು. ನನ್ನ ಕಿವಿ ಕಟ್ಟಿದ ಆ ದಿನಗಳಲ್ಲಿ ನಾನು ಓದಿದ್ದು, ಕೇಳಿದ್ದು, ಕಣ್ಣಾರೆ ಕಂಡದ್ದು ಎಲ್ಲವನ್ನೂ ಬರೆದಿಡಬೇಕೆಂದು ಅನ್ನಿಸಿದ್ದು ಅದಕ್ಕೇ.

ಮೊದಲು ಆ ಗುನುಗಿನ ವಿಷಯ. ಇದನ್ನು ಓದುತ್ತಿರುವಾಗಲೇ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಬಾಯಿ ಮುಚ್ಚಿಕೊಂಡು ‘ಮ್’ ಎನ್ನಿ. ದನಿ ಮುಚ್ಚಿದ ಕಿವಿಯ ಕಡೆಗೇ ವಾಲುತ್ತದೆ. ದವಡೆ ಮತ್ತು ತಲೆಬುರುಡೆಯ ಮೂಳೆಯ ಮೂಲಕ ಒಳಕಿವಿಗೆ ನೇರವಾಗಿ ತಲುಪುವ ಆ ದನಿಗೆ ಹೊರಗಿನ ಗದ್ದಲದ ಅಡ್ಡಿ ಅಲ್ಲಿ ಇರುವುದಿಲ್ಲ. ಹೊರಗೆ ಸೋರಿಹೋಗಲೂ ದಾರಿಯಿರುವುದಿಲ್ಲ. ಗುಗ್ಗೆ, ನೀರು, ಮಧ್ಯಕಿವಿಯ ದ್ರವ, ಯಾವುದು ದಾರಿ ಕಟ್ಟಿದ್ದರೂ ಹೀಗೆಯೇ ಆಗುತ್ತದೆ. ಒಳಕಿವಿಯೇ ಸೋತಿದ್ದರೆ ದನಿ ಚೆನ್ನಾಗಿರುವ ಕಿವಿಯ ಕಡೆಗೆ ಹೋಗುತ್ತದೆ. ವೈದ್ಯರು ಶ್ರುತಿಕವೆ ಎಂಬ ಎರಡು ಕವಲಿನ ಲೋಹದ ಕಡ್ಡಿಯನ್ನು ಮಿಡಿದು ಹಣೆಯ ನಡುವೆ ಇಟ್ಟು ‘ಯಾವ ಕಡೆ ಕೇಳುತ್ತದೆ?’ ಎಂದು ಕೇಳುವುದು ಇದೇ ಪರೀಕ್ಷೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಅರ್ನ್ಸ್ಟ್ ಹೆನ್ರಿಕ್ ವೆಬರ್ ಹೆಸರಿನಲ್ಲಿ ಅದು ಇವತ್ತಿಗೂ ನಡೆದುಬಂದಿದೆ. ಗುನುಗು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೆ ಕಟ್ಟಿದ ಕಿವಿಯನ್ನು ಬಿಟ್ಟು ಇನ್ನೊಂದರಲ್ಲಿ ಜೋರಾಗಿ ಕೇಳಿದರೆ ಅವತ್ತೇ ಹೊರಡಬೇಕು ಎಂದು ಅದು ಹೇಳುತ್ತದೆ. ನನ್ನ ಗೆಳತಿಗೆ ಅಂದು ಇದನ್ನು ಹೇಳುವವರು ಯಾರೂ ಇರಲಿಲ್ಲ.

ಕಿವಿಯಲ್ಲಿ ಒಂದರ ಹಿಂದೊಂದು ಮೂರು ಕೋಣೆಗಳು. ಹೊರಕಿವಿಯ ಕೊಳವೆಯಲ್ಲಿ ನೀರು ಬಂದು ಹೋದರೆ ತೊಂದರೆಯಿಲ್ಲ. ಒಳಕಿವಿಯಲ್ಲಿ ದ್ರವ ಸದಾ ಇರಲೇಬೇಕು; ನಾವು ಕೇಳುವುದೂ, ಸಮತೋಲ ತಪ್ಪದೆ ನಿಲ್ಲುವುದೂ ಅದರಿಂದಲೇ. ನಡುವಿನ ಕೋಣೆಯಲ್ಲಿ ಮಾತ್ರ ಗಾಳಿ ಬಿಟ್ಟು ಬೇರೇನೂ ಇರಕೂಡದು. ಕಿವಿತಮಟೆ ಈ ನಡುಕೋಣೆಯ ಹೊರಗೋಡೆ. ಅಡ್ಡಳತೆ ಒಂದು ಸೆಂಟಿಮೀಟರಿಗಿಂತ ಚೂರು ಕಡಿಮೆ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪು ನಮ್ಮ ಮೈಯ ಅತಿ ಚಿಕ್ಕ ಮೂಳೆ, ಮೂರು ಮಿಲಿಮೀಟರಿನ ಆಸುಪಾಸು. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಹೆಚ್ಚುಕಡಿಮೆ ಎಲ್ಲವೂ ಮರಳಿ ಚಿಮ್ಮಿಹೋಗುತ್ತದೆ. ನೀರಿನಲ್ಲಿ ಮುಳುಗಿದಾಗ ದಡದಲ್ಲಿರುವವರ ಮಾತು ಕೇಳಿಸದಿರುವುದು ಇದಕ್ಕೇ. ಕಿವಿತಮಟೆಯ ಅಗಲಕ್ಕೆ ಬಿದ್ದ ಅಲುಗಾಟವನ್ನು ಅದಕ್ಕಿಂತ ಹದಿನೇಳು ಪಟ್ಟು ಸಣ್ಣದಾದ ರಿಕಾಪಿನ ಅಡಿಗೆ ಒಟ್ಟುಗೂಡಿಸಿ, ಒತ್ತಡವನ್ನು ಹೆಚ್ಚಿಸಿ, ಒಳಗಿನ ದ್ರವವನ್ನು ಅಲುಗಿಸುವುದು ಈ ಮೂರು ಮೂಳೆಗಳ ಕೆಲಸ. ಗಾಳಿಗೂ ದ್ರವಕ್ಕೂ ನಡುವೆ ನಿಂತ ದುಭಾಷಿಗಳು ಅವು. ಅವುಗಳ ಕೋಣೆಗೇ ದ್ರವ ನುಗ್ಗಿದರೆ ಮಾತು ಮುಂದಕ್ಕೆ ದಾಟುವುದಾದರೂ ಹೇಗೆ?

ಆ ಕೋಣೆಗೆ ಗಾಳಿ ಬರುವ ದಾರಿ ಕಿವಿಯ ಕಡೆಯಿಂದಲ್ಲ, ಮೂಗಿನ ಹಿಂಬದಿಯಿಂದ. ಇದು ನನಗೆ ಮೊದಲ ಸಲ ತಿಳಿದಾಗ ಬಹಳ ಅಚ್ಚರಿಯಾಗಿತ್ತು. ಮೂಗು ಗಂಟಲನ್ನು ಸೇರುವಲ್ಲಿ, ಎರಡೂ ಬದಿಯಲ್ಲಿ, ಒಂದೊಂದು ಸಣ್ಣ ಬಾಯಿ ಇದೆ. ಅಲ್ಲಿಂದ ಮಧ್ಯಕಿವಿಗೆ ಹೋಗುವುದೇ ಯುಸ್ಟೇಷಿಯನ್ ನಾಳ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್ ಕಿವಿಯಿಂದ ಅಂಗುಳಕ್ಕೆ ದಾರಿಯಿದೆ ಎಂದು ಬರೆದಿದ್ದ. ಮೇಕೆಗಳು ಕಿವಿಯಿಂದ ಉಸಿರಾಡುತ್ತವೆ ಎಂದು ಅದಕ್ಕೂ ಹಿಂದೆ ಗ್ರೀಕ್ ಚಿಂತಕ ಅಲ್ಕ್‌ಮಿಯಾನ್ ಹೇಳಿದ್ದು ತಪ್ಪು ಎಂದೂ ಅವನೇ ತಿದ್ದಿದ್ದ. ಅಲ್ಕ್‌ಮಿಯಾನನ ಮಾತು ತಪ್ಪೇ ಇರಬಹುದು, ಆದರೆ ನನಗೆ ಆ ತಪ್ಪಿನ ಮೇಲೆ ಪ್ರೀತಿಯಿದೆ. ಭ್ರೂಣದಲ್ಲಿ ಮೊದಲನೆಯ ಕಿವಿರು ಚೀಲದಿಂದಲೇ ಈ ನಾಳವೂ ಮಧ್ಯಕಿವಿಯೂ ಬೆಳೆಯುತ್ತವೆ. ಅನೇಕ ಶಾರ್ಕ್‌ಗಳಲ್ಲಿ ಕಣ್ಣಿನ ಹಿಂದೆ ಇರುವ ಉಸಿರಿನ ರಂಧ್ರಕ್ಕೂ ಮೂಲ ಅದೇ. ಉಸಿರಾಟದ ಹಳೆಯ ದಾರಿಯೊಂದು ನಮ್ಮಲ್ಲಿ ಕೇಳುವ ಕೆಲಸಕ್ಕೆ ಬಂದು ನಿಂತಿದೆ. ಮೂಗಿಗೆ ನೆಗಡಿಯಾದರೆ ಕಿವಿ ನರಳುವುದು ಆ ಹಳೆಯ ನಂಟಿನಿಂದ.

ನಾಳಕ್ಕೆ ಹೆಸರು ಬಂದದ್ದು ಹದಿನಾರನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ಟಾಕಿಯಿಂದ. ಹೆಸರಿಟ್ಟವನು 1704ರಲ್ಲಿ ಕಿವಿಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಇನ್ನೊಬ್ಬ ಇಟಲಿಯವನು, ಅಂತೋನಿಯೊ ವಾಲ್ಸಾಲ್ವಾ. ದೊಡ್ಡವರಲ್ಲಿ ನಾಳದ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಕಿವಿಯ ಕಡೆಯ ಮೂರನೇ ಒಂದು ಪಾಲು ಮೂಳೆ, ಮಿಕ್ಕದ್ದು ಮೃದ್ವಸ್ಥಿ. ಆ ಮೃದುವಾದ ಭಾಗ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಇಲ್ಲದಿದ್ದರೆ ನಮ್ಮ ಉಸಿರೂ ಮಾತೂ ಒಳಗಿನಿಂದಲೇ ಕಿವಿಗೆ ಬಡಿಯುತ್ತಿದ್ದವು. ನುಂಗಿದಾಗ, ಆಕಳಿಸಿದಾಗ ಅಂಗುಳದ ಒಂದು ಸ್ನಾಯು ಎಳೆದು ನಾಳವನ್ನು ಒಂದು ಕ್ಷಣ ಬಿಚ್ಚುತ್ತದೆ. ಸುಮ್ಮನೆ ಕೂತು ಒಮ್ಮೆ ಉಗುಳು ನುಂಗಿ, ಕಿವಿಯ ಕಡೆಗೆ ಗಮನವಿಡಿ. ಹಸಿ ಕಾಗದ ಬಿಡಿಸಿಕೊಂಡಂತೆ ಬಲು ಮೆಲುವಾದ ಒಂದು ‘ಟಿಕ್’ ಇದೆ. ಅದೇ ಆ ಬಾಗಿಲು. ಹಗಲಿಡೀ ನಮಗೆ ತಿಳಿಯದಂತೆಯೇ ಅದು ತೆರೆದು ಮುಚ್ಚುತ್ತಿರುತ್ತದೆ. ನೆಗಡಿ ಆಗಿರದ ದಿನ ಅದನ್ನು ಯಾರು ನೆನೆಯುತ್ತಾರೆ?

ತೆರೆಯದಿದ್ದರೆ ಏನಾಗುತ್ತದೆ ಎಂಬುದು ಕಥೆಯ ತಿರುಳು. ಮಧ್ಯಕಿವಿಯ ಒಳಪದರ ಅಲ್ಲಿನ ಗಾಳಿಯನ್ನು ಸದಾ ಹೀರಿ ರಕ್ತಕ್ಕೆ ಸೇರಿಸುತ್ತಲೇ ಇರುತ್ತದೆ. ಹೀರಿದ್ದನ್ನು ತುಂಬಿಕೊಡಬೇಕಾದದ್ದು ನಾಳ. ನೆಗಡಿಯಲ್ಲಿ, ಅಲರ್ಜಿಯಲ್ಲಿ, ಸೈನಸ್ ಸೋಂಕಿನಲ್ಲಿ ಮೂಗಿನ ಒಳಪದರ ಊದಿಕೊಂಡರೆ ನಾಳದ ಬಾಯಿಯೂ ಊದಿಕೊಂಡು ಮುಚ್ಚುತ್ತದೆ. ಒಳಗೆ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ, ಹೊರಗಿನ ಗಾಳಿ ಕಿವಿತಮಟೆಯನ್ನು ಒಳಕ್ಕೆ ದೂಡುತ್ತದೆ. ನಮಗೆ ‘ಒಳಗೆ ಒತ್ತಡ ತುಂಬಿದೆ’ ಎನಿಸುತ್ತದೆ, ನಿಜದಲ್ಲಿ ಒಳಗೆ ಒತ್ತಡ ಕಡಿಮೆಯಾಗಿರುತ್ತದೆ! ಈ ತಲೆಕೆಳಗಾದ ಅನುಭವ ತಿಳಿಯದೆ ಎಷ್ಟೋ ಜನ ಕಿವಿಗೆ ಏನಾದರೂ ಹಾಕಿ ಒತ್ತಡ ತೆಗೆಯಲು ನೋಡುತ್ತಾರೆ. ಹಾಗೆಯೇ ಉಳಿದರೆ ಒಳಪದರದ ಸಣ್ಣ ರಕ್ತನಾಳಗಳಿಂದ ತಿಳಿದ್ರವ ಒಸರಿ ಆ ತೆರಪನ್ನು ತುಂಬತೊಡಗುತ್ತದೆ. ಉರಿಯೂತವೂ ಕೂಡಿಕೊಂಡರೆ ಒಳಪದರವೇ ಲೋಳೆ ಸುರಿಸುತ್ತದೆ, ದ್ರವ ದಿನದಿಂದ ದಿನಕ್ಕೆ ಮಂದವಾಗುತ್ತದೆ. ಹೊರಗಿನಿಂದ ಒಂದು ಹನಿ ನೀರೂ ಹೋಗಿರುವುದಿಲ್ಲ. ಕಿವಿತಮಟೆ ತೂತಾಗದೆ ಹೊರಗಿನ ನೀರು ಅಲ್ಲಿಗೆ ಹೋಗಲಾರದು. ನಾವು ಕಿವಿಗೆ ಬಿಡುವ ಯಾವ ಹನಿಯೂ ಹೋಗಲಾರದು.

ವಿಮಾನದಲ್ಲಿ ಇದೆಲ್ಲ ಅರ್ಧ ಗಂಟೆಯಲ್ಲೇ ನಡೆದುಹೋಗುತ್ತದೆ. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇರಿಸುತ್ತಾರೆ. ಅಂದರೆ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲಿನಷ್ಟು. ಏರುವಾಗ ಕಿವಿಯೊಳಗೆ ಹಿಗ್ಗಿದ ಗಾಳಿ ನಾಳವನ್ನು ತಾನೇ ತಳ್ಳಿಕೊಂಡು ಪುಸುಪುಸು ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಗಾಳಿ ತಾನಾಗಿ ಒಳಗೆ ಬರುವುದಿಲ್ಲ. ನಾವು ನುಂಗಿಯೋ ಆಕಳಿಸಿಯೋ ಬಾಗಿಲು ತೆರೆಯಬೇಕು. ಒಳಗೂ ಹೊರಗೂ ಒತ್ತಡದ ಅಂತರ ಪಾದರಸದ 90 ಮಿಲಿಮೀಟರಿನ ಆಚೀಚೆ ತಲುಪಿತೆಂದರೆ ನಾಳದ ಮೃದು ಗೋಡೆಗಳು ಒಂದಕ್ಕೊಂದು ಅಂಟಿ ಬೀಗ ಬಿದ್ದಂತಾಗುತ್ತದೆ, ಆಮೇಲೆ ಸ್ನಾಯು ಎಳೆದರೂ ಬರುವುದಿಲ್ಲ. ನೀರಿನಲ್ಲಿ ಮುಳುಗುವವರಿಗೆ ಈ ಗಡಿ ಇನ್ನೂ ಹತ್ತಿರ, ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು ಇಳಿದರೆ ಸಾಕು. ನಾನು ಮಾಡಿದ ತಪ್ಪು ನಿದ್ದೆ. ವಿಮಾನ ಕೆಳಮುಖವಾದಾಗ ಗಾಢ ನಿದ್ದೆಯಲ್ಲಿದ್ದೆ. ನಿದ್ದೆಯಲ್ಲಿ ನಾವು ನುಂಗುವುದು ತೀರಾ ಅಪರೂಪ. ಎಚ್ಚರವಾದದ್ದು ನೋವಿನಿಂದ, ಅಷ್ಟು ಹೊತ್ತಿಗೆ ಬೀಗ ಬಿದ್ದಾಗಿತ್ತು. ನೆಗಡಿಯಿದ್ದಾಗ ಪ್ರಯಾಣ ಮುಂದೂಡುವುದೇ ಒಳ್ಳೆಯದು. ಆಗದಿದ್ದರೆ ಇಳಿಯುವ ಅರ್ಧ ಗಂಟೆ ಎಚ್ಚರವಾಗಿದ್ದು ಮತ್ತೆ ಮತ್ತೆ ನುಂಗುತ್ತಿರಬೇಕು. ಎಳೆಯ ಕೂಸುಗಳಿಗೆ ಆ ಹೊತ್ತಿನಲ್ಲಿ ಹಾಲು ಕುಡಿಸಬೇಕು.

ಮೂರನೇ ದಿನ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋದೆ. ಅವರು ಸಣ್ಣ ಕ್ಯಾಮೆರಾದ ಕೊಳವೆಯನ್ನು ಕಿವಿಯೊಳಗಿಟ್ಟು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೊದಲು ಬಲಗಿವಿ. ಮುತ್ತಿನ ಬಣ್ಣದ, ಹೊಳೆಯುವ, ಬಿಗಿದ ಪೊರೆ. ಅದರೊಳಗೆ ಸುತ್ತಿಗೆ ಮೂಳೆಯ ಹಿಡಿ ಓರೆಯಾಗಿ ಕಾಣುತ್ತಿತ್ತು. ಆಮೇಲೆ ಎಡಗಿವಿ. ಅದೇ ಪೊರೆ ಇಲ್ಲಿ ಒಳಕ್ಕೆ ಸೆಳೆದುಕೊಂಡು ಬಾಗಿತ್ತು, ಹಿಂದೆ ಜೇನುಬಣ್ಣದ ದ್ರವ. ಅರ್ಧಕ್ಕಿಂತ ಮೇಲೆ ಒಂದು ತೆಳು ಗೆರೆ, ಲೋಟದಲ್ಲಿ ನೀರಿನ ಮಟ್ಟ ಕಾಣುವ ಹಾಗೆ. ಗೆರೆಯ ಮೇಲೆ ಎರಡು ಗುಳ್ಳೆಗಳು. ‘ಉಗುಳು ನುಂಗಿ’ ಎಂದರು. ನುಂಗಿದೆ. ಗುಳ್ಳೆಗಳು ನಡುಗಿದವು, ಒಂದು ಚೂರು ಸರಿದು ನಿಂತಿತು. ಮೂರು ದಿನಗಳಿಂದ ನನ್ನ ತಲೆಯೊಳಗೆ ಪಟಪಟ ಎನ್ನುತ್ತಿದ್ದದ್ದು ಅದೇ. ಆ ಸದ್ದನ್ನು ಕಣ್ಣಿನಿಂದ ನೋಡಿದ ಮೇಲೆ ನನ್ನ ಭಯ ನಿಜಕ್ಕೂ ದೂರವಾಯಿತು. ‘ಗುಳ್ಳೆ ಇದ್ದರೆ ಒಳ್ಳೆಯದು. ಗಾಳಿ ಹೋಗಲು ಶುರುವಾಗಿದೆ ಎಂದು ಅರ್ಥ’ ಎಂದರು ವೈದ್ಯರು. ಬರೆದುಕೊಟ್ಟದ್ದು ಮೂಗಿಗೆ, ಕಿವಿಗಲ್ಲ. ಮೂಗಿನ ಊತ ಇಳಿಸುವ ಸ್ಪ್ರೇಯನ್ನು ನಾಲ್ಕೈದು ದಿನಗಳಿಗಿಂತ ಹೆಚ್ಚು ಬಳಸಬಾರದು, ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ ಎಂದು ಎರಡು ಸಲ ಹೇಳಿದರು. ಮಿಕ್ಕದ್ದು ಕಾಯುವುದು.

ಕಾಯುವುದು ಸುಲಭವಲ್ಲ. ಊಟ ಅಗಿಯುವ ಸದ್ದು ತಲೆಯೊಳಗೆ ಮರ ಕೊಯ್ದಂತೆ. ಯಾರು ಯಾವ ದಿಕ್ಕಿನಿಂದ ಕರೆದರು ಎಂಬುದೇ ತಿಳಿಯದು. ದಿಕ್ಕು ತಿಳಿಯಲು ಎರಡೂ ಕಿವಿ ಬೇಕು. ಬಗ್ಗಿದರೆ ಒಳಗೆ ಏನೋ ಮಗುಚಿಕೊಂಡ ಹಾಗೆ ಆಗಿ ಒಂದು ಕ್ಷಣ ಚೆನ್ನಾಗಿ ಕೇಳಿಸುತ್ತದೆ, ಎದ್ದರೆ ಮತ್ತೆ ಅದೇ ಗೋಡೆ. ಸಂಜೆಯ ಹೊತ್ತಿಗೆ ಕೇಳಿಸಿಕೊಳ್ಳುವ ಪ್ರಯಾಸಕ್ಕೇ ಸುಸ್ತಾಗುತ್ತಿತ್ತು.

ಆ ದಿನಗಳಲ್ಲಿ ಈ ನಾಳವನ್ನು ತೆರೆಯಲು ಹೆಣಗಿದವರ ಬಗ್ಗೆ ಓದಿಕೊಂಡೆ. 1724ರಲ್ಲಿ ಫ್ರಾನ್ಸಿನ ವರ್ಸೈಯಲ್ಲಿ ಗ್ಯೋ ಎಂಬ ಅಂಚೆ ಅಧಿಕಾರಿ, ವೈದ್ಯನೇ ಅಲ್ಲ, ತನ್ನ ಕಿವುಡಿಗೆ ಯಾರಿಂದಲೂ ಪರಿಹಾರ ಸಿಗದೆ ಬಾಗಿದ ತವರದ ಕೊಳವೆಯೊಂದನ್ನು ಬಾಯಿಯ ಮೂಲಕ ಅಂಗುಳದ ಹಿಂದಕ್ಕೆ ತೂರಿಸಿ ನಾಳದ ಬಾಯಿಗೆ ನೀರು ಹಾಯಿಸಿಕೊಂಡ. ಅವನಿಗೆ ಕೇಳಿಸತೊಡಗಿತು, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಆ ವಿಷಯ ತಿಳಿಸಿದ. ಮೂಗು ಹಿಡಿದು, ಬಾಯಿ ಮುಚ್ಚಿ ಊದುವ ಉಪಾಯಕ್ಕೆ ವಾಲ್ಸಾಲ್ವಾನ ಹೆಸರಿದೆ. ಅವನು ಅದನ್ನು ಹೇಳಿದ್ದು ಮಧ್ಯಕಿವಿಯ ಕೀವನ್ನು ಹೊರಹಾಕಲು. ಮೂಗು ಹಿಡಿದು ನುಂಗುವುದು ಲಂಡನ್ನಿನ ಜೋಸೆಫ್ ಟಾಯ್ನ್‌ಬಿಯದು. ಆತ ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತಾ ಕ್ಲೋರೋಫಾರ್ಮ್ ಮತ್ತು ಪ್ರುಸಿಕ್ ಆಮ್ಲದ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು 1866ರಲ್ಲಿ ತೀರಿಕೊಂಡ. ನಾನು ಮೂಗು ಹಿಡಿದು ನುಂಗುವಾಗಲೆಲ್ಲ ಅವನ ನೆನಪಾಗುತ್ತಿತ್ತು. 1863ರಲ್ಲಿ ವಿಯೆನ್ನಾದ ಆಡಂ ಪೊಲಿಟ್ಜರ್ ಇನ್ನೂ ಜಾಣ ದಾರಿ ಕಂಡುಕೊಂಡ: ರಬ್ಬರ್ ಬುಂಡೆಯಿಂದ ಮೂಗಿಗೆ ಗಾಳಿ ಒತ್ತುವುದು, ಅದೂ ರೋಗಿ ನುಂಗುವ ಕ್ಷಣಕ್ಕೇ ಸರಿಯಾಗಿ. ಆ ಕ್ಷಣ ಅಂಗುಳ ಮೇಲೆದ್ದು ಮೂಗನ್ನು ಗಂಟಲಿನಿಂದ ಬೇರ್ಪಡಿಸುತ್ತದೆ, ನಾಳವೂ ತೆರೆಯುತ್ತದೆ. ಮಕ್ಕಳಿಗೆ ಇವತ್ತು ಮೂಗಿನಿಂದ ಬಲೂನು ಊದಿಸುವುದು ಇದೇ ದಾರಿಯ ಮುಂದುವರಿಕೆ. ಊದುವುದಾದರೆ ಮೆಲ್ಲಗೆ ಊದಬೇಕು. ಸಿಟ್ಟಿನಿಂದ ಬಲವಾಗಿ ಊದಿದರೆ ಒಳಕಿವಿಯ ತೆಳು ಪೊರೆ ಹರಿಯುವ ಅಪಾಯವಿದೆ.

ಕಿವಿಯಲ್ಲಿ ದ್ರವ ಎಂದಾಗ ನನಗೆ ನನ್ನ ನೋವಿಗಿಂತ ಮೊದಲು ನೆನಪಾಗುವುದು ಅಕ್ಕನ ಮಗ. ಐದು ವರ್ಷವಿದ್ದಾಗ ಅವನಿಗೆ ‘ಮಾತು ಕೇಳದವ’ ಎಂಬ ಹೆಸರು ಬಂದಿತ್ತು. ಟಿ.ವಿ. ಜೋರು, ಕರೆದರೆ ಉತ್ತರವಿಲ್ಲ, ಶಾಲೆಯಲ್ಲಿ ಗಮನವಿಲ್ಲ ಎಂಬ ದೂರು. ನಾನೂ ಒಂದೆರಡು ಸಲ ಗದರಿದ್ದೆ. ಒಂದು ದಿನ ಅವನು ನನಗೆ ಬೆನ್ನು ಹಾಕಿ ಕೂತು ಚಿತ್ರ ಬಿಡಿಸುತ್ತಿದ್ದ. ಎರಡು ಸಲ ಹೆಸರಿಡಿದು ಕರೆದೆ, ತಿರುಗಲಿಲ್ಲ. ಎದ್ದು ಮುಂದೆ ಹೋಗಿ ಅದೇ ದನಿಯಲ್ಲಿ ಕರೆದೆ. ತಲೆಯೆತ್ತಿ, ನನ್ನ ತುಟಿ ನೋಡಿ ನಕ್ಕ. ಆ ನಗು ಕಂಡಾಗ ನನಗೆ ಅರ್ಥವಾಯಿತು, ಮಗು ನಮ್ಮ ಬಾಯಿ ನೋಡಿ ಮಾತು ಹಿಡಿಯುತ್ತಿದೆ ಎಂದು. ಪರೀಕ್ಷೆಯಲ್ಲಿ ಎರಡೂ ಕಿವಿಯ ಹಿಂದೆ ದ್ರವ. ಜ್ವರವಿಲ್ಲ, ನೋವಿಲ್ಲ, ಸೋರುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಗೋಂದಿನ ಕಿವಿ ಎಂಬರ್ಥದ ಹೆಸರೇ ಇದೆ, ದ್ರವ ಅಷ್ಟು ಅಂಟಂಟಾಗಿರುತ್ತದೆ. ಕೇಳುವುದು ಇಪ್ಪತ್ತೈದು ಮೂವತ್ತು ಡೆಸಿಬೆಲ್‌ನಷ್ಟು ಕುಂದಿದರೆ ಬೆರಳಿಂದ ಕಿವಿ ಮುಚ್ಚಿಕೊಂಡು ದಿನ ಕಳೆದಂತೆ. ಮಗುವಿಗೆ ಅದು ತೊಂದರೆ ಎಂದೇ ತಿಳಿಯುವುದಿಲ್ಲ. ಲೋಕ ಇರುವುದೇ ಹೀಗೆ ಎಂದುಕೊಂಡಿರುತ್ತದೆ.

ಮಕ್ಕಳಲ್ಲಿ ಇದು ಇಷ್ಟು ಸಾಮಾನ್ಯವಾಗಿರಲು ಕಾರಣ ಅವರ ನಾಳದ ಆಕಾರ. ದೊಡ್ಡವರದು ಮೂಗಿನ ಕಡೆಗೆ ಓರೆಯಾಗಿ ಇಳಿಯುತ್ತದೆ, ಕೂಸುಗಳದು ಅದರ ಅರ್ಧದಷ್ಟೇ ಉದ್ದ, ಹೆಚ್ಚುಕಡಿಮೆ ಅಡ್ಡಡ್ಡ. ಸ್ನಾಯುವಿಗೂ ಇನ್ನೂ ಬಲ ಬಂದಿರುವುದಿಲ್ಲ. ನಾಳದ ಬಾಯಿಯ ಬಳಿಯೇ ಅಡಿನಾಯ್ಡ್ ಎಂಬ ಗ್ರಂಥಿಯ ಗಂಟು ಆ ವಯಸ್ಸಿನಲ್ಲಿ ದೊಡ್ಡದಾಗಿರುತ್ತದೆ. ಜೊತೆಗೆ ವರ್ಷಕ್ಕೆ ಹಲವು ಸಲ ನೆಗಡಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಮಗುವನ್ನು ಮಲಗಿಸಿಯೇ ಬಾಟಲಿ ಹಾಲು ಕುಡಿಸುತ್ತಿದ್ದರೆ ತೊಂದರೆ ಹೆಚ್ಚು. ಸೀಳು ಅಂಗುಳದ ಮಕ್ಕಳಲ್ಲಿ ನಾಳ ತೆರೆಯುವ ಸ್ನಾಯುವಿಗೇ ಸರಿಯಾದ ಹಿಡಿತವಿರುವುದಿಲ್ಲ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇದು ಬಹಳ. ಈ ದ್ರವಕ್ಕೆ ಆಂಟಿಬಯೋಟಿಕ್ ಆಗಲಿ ಶೀತದ ಸಿರಪ್ ಆಗಲಿ ಕೆಲಸ ಮಾಡುವುದಿಲ್ಲ. ವೈದ್ಯರು ಮೂರು ತಿಂಗಳು ಕಾಯಲು ಹೇಳುತ್ತಾರೆ, ಹೆಚ್ಚಿನ ಮಕ್ಕಳಲ್ಲಿ ಅಷ್ಟರೊಳಗೆ ಇಂಗುತ್ತದೆ. ನಮ್ಮ ಹುಡುಗನಿಗೆ ಇಂಗಲಿಲ್ಲ. ಕಿವಿತಮಟೆಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಹಾಕಿದರು. ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯರು 1954ರಲ್ಲಿ ಬಳಕೆಗೆ ತಂದದ್ದು ಅದು. ನಾಳ ಮಾಡಲಾಗದ ಕೆಲಸವನ್ನು ಅದು ಇನ್ನೊಂದು ಕಡೆಯಿಂದ ಮಾಡುತ್ತದೆ, ಕೋಣೆಗೆ ಗಾಳಿ ಬಿಡುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿಯೇ ಬಿದ್ದುಹೋಗುತ್ತದೆ. ಮನೆಗೆ ಬಂದವನು ಕೋಣೆಯ ಬಾಗಿಲನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ‘ಬಾಗಿಲು ಕಿರ್ ಅನ್ನುತ್ತದೆ’ ಎಂದ. ಅದು ತಿಂಗಳುಗಳಿಂದ ಕಿರ್ ಎನ್ನುತ್ತಲೇ ಇತ್ತು. ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ನಾನು ಗದರಿದ ಆ ಎರಡು ಸಲದ ನೆನಪು ನನ್ನನ್ನು ಇನ್ನೂ ಬಿಟ್ಟಿಲ್ಲ.

ಸೋಂಕು ತಗುಲಿದ ದ್ರವದ ಕಥೆ ಬೇರೆ. ಅಲ್ಲಿ ಜ್ವರ, ರಾತ್ರಿಯೆಲ್ಲ ಅಳಿಸುವ ನೋವು. ಕೀವು ಹೆಚ್ಚಿ ಕಿವಿತಮಟೆ ಒಡೆದರೆ ನೋವು ತಟ್ಟನೆ ತಗ್ಗಿ ಕಿವಿ ಸೋರುತ್ತದೆ. ಹೆಚ್ಚಿನವರಲ್ಲಿ ಆ ತೂತು ಮುಚ್ಚಿಕೊಳ್ಳುತ್ತದೆ, ಆದರೂ ವೈದ್ಯರು ನೋಡಲೇಬೇಕು. ಗುಗ್ಗೆಯ ಕಥೆ ಸರಳ: ಸ್ನಾನದ ನೀರು ಹೀರಿ ಉಬ್ಬುತ್ತದೆ, ಕಿವಿ ಇದ್ದಕ್ಕಿದ್ದಂತೆ ಮುಚ್ಚುತ್ತದೆ. ಹತ್ತಿ ಕಡ್ಡಿ ಹಾಕಿದರೆ ಅದು ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ. ಕಿವಿಯ ಹಾಲೆ ಎಳೆದರೆ ನೋವಾಗುವುದು ಹೊರಕಿವಿಯ ಸೋಂಕಿನ ಗುರುತು. ದವಡೆಯ ಕೀಲು ಕಿವಿಗೆ ಅಂಟಿಕೊಂಡಂತೆಯೇ ಇರುವುದರಿಂದ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೂ ಕಿವಿ ತುಂಬಿದಂತೆ ಅನ್ನಿಸಬಹುದು. ನಾಳ ಮುಚ್ಚುವ ಬದಲು ಸದಾ ತೆರೆದೇ ಇರುವ ಸ್ಥಿತಿಯೂ ಇದೆ. ಕೆಲವರಲ್ಲಿ ತೂಕ ಬೇಗ ಇಳಿದಾಗ ಇದು ಶುರುವಾಗುತ್ತದೆ. ತಮ್ಮ ಉಸಿರೇ ಕಿವಿಯಲ್ಲಿ ಬೀಸಿದಂತೆ ಕೇಳುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಅವರೂ ಹೇಳುವುದು ಕಿವಿ ಕಟ್ಟಿದೆ ಎಂದೇ.

ಒಳಕಿವಿಯಲ್ಲೂ ದ್ರವ ಹೆಚ್ಚಾಗಬಹುದು. ತಲೆಸುತ್ತು ಮಿದುಳಿನ ಕಾಯಿಲೆ ಎಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ, 1861ರಲ್ಲಿ, ಪ್ಯಾರಿಸ್ಸಿನ ಪ್ರೊಸ್ಪರ್ ಮೆನಿಯೇರ್ ಅದು ಒಳಕಿವಿಯಿಂದಲೂ ಬರುತ್ತದೆ ಎಂದು ತೋರಿಸಿದ. ಅವನ ಹೆಸರಿನ ಈ ಕಾಯಿಲೆಯಲ್ಲಿ ಮೊದಲು ಕಿವಿ ತುಂಬಿದಂತಾಗಿ ಮೊರೆಯುತ್ತದೆ, ಕೇಳುವುದು ಕುಂದುತ್ತದೆ, ಆಮೇಲೆ ಲೋಕವೇ ಗಿರಗಿರ ತಿರುಗುತ್ತದೆ, ಇಪ್ಪತ್ತು ನಿಮಿಷದಿಂದ ಹಲವು ಗಂಟೆಗಳವರೆಗೆ. ಮೂಗಿಗೂ ನಾಳಕ್ಕೂ ಇಲ್ಲಿ ಕೆಲಸವಿಲ್ಲ.

ಕಾಯಲೇಬಾರದ ಸಂದರ್ಭಗಳನ್ನು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ನೆಗಡಿಯಿಲ್ಲದೆ ಒಂದೇ ಕಿವಿ ಇದ್ದಕ್ಕಿದ್ದಂತೆ ಕಟ್ಟಿ ಕೇಳದಾದರೆ, ಅವತ್ತೇ. ದೊಡ್ಡವರಲ್ಲಿ ಒಂದೇ ಕಿವಿಯ ದ್ರವ ವಾರಗಟ್ಟಲೆ ಇಂಗದಿದ್ದರೆ ಮೂಗಿನ ಹಿಂಬದಿಯನ್ನು ನೋಡಿಸಬೇಕು, ನಾಳದ ಬಾಯಿಯ ಬಳಿ ಗಡ್ಡೆಯೊಂದು ಕೂತಿರುವ ಸಾಧ್ಯತೆ ಕಡಿಮೆಯಾದರೂ ಇದೆ. ತಲೆಗೆ ಪೆಟ್ಟು ಬಿದ್ದ ಮೇಲೆ ಕಿವಿಯಿಂದಲೋ ಮೂಗಿನಿಂದಲೋ ತಿಳಿನೀರು ಹನಿದರೆ ಅದು ಮಿದುಳಿನ ಸುತ್ತಲಿನ ದ್ರವವಿರಬಹುದು, ಒಂದು ಗಂಟೆಯೂ ತಡಮಾಡಕೂಡದು.

ನನ್ನ ಕಿವಿ ಬಿಟ್ಟದ್ದು ಇಪ್ಪತ್ತಮೂರನೇ ದಿನ, ಸಂಜೆ. ಆಕಳಿಕೆ ಬಂತು, ಒಳಗೆ ಪುಳಕ್ ಎಂದು ಏನೋ ಜಾರಿತು, ಸದ್ದುಗಳು ಒಮ್ಮೆಲೇ ಹತ್ತಿರ ಬಂದು ನಿಂತವು. ಗಡಿಯಾರ, ನಲ್ಲಿಯ ಹನಿ, ನನ್ನದೇ ಅಂಗಿಯ ತೋಳಿನ ಸರಸರ. ಫೋನ್ ಎತ್ತಿಕೊಂಡು, ಎಡಗಿವಿಗೇ ಹಿಡಿದು ಗೆಳತಿಗೆ ಕರೆ ಮಾಡಿದೆ. ‘ಬಿಟ್ಟಿತು’ ಎಂದೆ. ಆ ಕಡೆಯಲ್ಲಿ ಅವಳು ಬಲಗಿವಿಗೆ ಹಿಡಿದಿದ್ದಳು. ‘ಯಾವ ಕಡೆ ಕೇಳುತ್ತದೆ, ಗುನುಗಿ ನೋಡು’ ಎಂದಳು. ಗುನುಗಿದೆ. ದನಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ನಡುವೆಯೇ ನಿಂತಿತ್ತು.